ರಕ್ತಕ್ಕೆ ತಣ್ಣೀರು

ರಕ್ತಕ್ಕೆ ತಣ್ಣೀರು. ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಗೆ ಹೊಸದಾಗಿ ಬಂದವರಿಗೆ ಮೊದಲು ಹೇಳಿಕೊಡುವ ಪಾಠ ಅದು. ಕೀವಿನ ಬಟ್ಟೆಗೆ ಕುದಿಯುವ ನೀರು, ಹೇಲು ಉಚ್ಚೆಗೆ ಸೋಡಾ, ಔಷಧದ ಕಲೆಗೆ ಬ್ಲೀಚಿಂಗ್ ಪುಡಿ. ರಕ್ತಕ್ಕೆ ಮಾತ್ರ ತಣ್ಣೀರು. ಮೊದಲೇ ಬಿಸಿನೀರು ಬಿತ್ತೋ, ಕಲೆ ನೂಲಿನೊಳಗೆ ಕೂತುಬಿಡುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಬಟ್ಟೆ ಹರಿದೀತೇ ಹೊರತು ಕಲೆ ಏಳುವುದಿಲ್ಲ.

ಅಕ್ಕನಿಗೆ ಇದನ್ನು ಹೇಳಿಕೊಟ್ಟವಳು ಅವಳ ಅಮ್ಮ. ಅಮ್ಮನೂ ಅದೇ ನೆಲಮಾಳಿಗೆಯಲ್ಲಿ, ಅದೇ ಸಿಮೆಂಟಿನ ತೊಟ್ಟಿಯ ಮುಂದೆ ಬಗ್ಗಿ ನಿಂತು ಆಯುಷ್ಯ ಕಳೆದವಳು. ಬಗ್ಗಿದ ಸೊಂಟ ಮತ್ತೆ ನೆಟ್ಟಗಾಗದೆ ಹೋದಾಗ ಆ ಜಾಗಕ್ಕೆ ಅಕ್ಕ ಬಂದಳು. ಅಕ್ಕನ ಕೈ ಹಿಡಿದುಕೊಂಡು ತಂಗಿಯೂ ಬಂದಳು. ದೊಡ್ಡವಳು ಅಲ್ಲಿ ಎಲ್ಲರಿಗೂ ಅಕ್ಕನೇ. ಸೋಡಾ ನೀರಿನಲ್ಲಿ ಬೆಂದು ಬೆಂದು ಅವಳ ಬೆರಳ ತುದಿಗಳು ಸತ್ತುಹೋಗಿದ್ದವು. ನೀರು ಬಿಸಿಯೋ ತಣ್ಣಗೋ ಎಂದು ತಿಳಿಯಲು ಮೊಣಕೈ ಅದ್ದಿ ನೋಡಬೇಕಾಗಿತ್ತು.

ತಂಗಿಗೆ ಮೂವತ್ತು ದಾಟಿತ್ತು. ಬುದ್ಧಿ ಮಾತ್ರ ಐದು ವರ್ಷದ ಮಗುವಿನದು ಎಂದು ಡಾಕ್ಟರುಗಳು ಹೇಳುತ್ತಿದ್ದರು. ಅಕ್ಕನಿಗೆ ಆ ಮಾತು ಸರಿ ಅನ್ನಿಸಿರಲಿಲ್ಲ. ಐದು ವರ್ಷದ ಮಗು ಹಟ ಮಾಡುತ್ತದೆ, ಕೈಯಲ್ಲಿದ್ದದ್ದನ್ನು ಎಸೆಯುತ್ತದೆ. ತಂಗಿ ಎಸೆದವಳಲ್ಲ. ಹಾಸಿಗೆಯ ಹೊದಿಕೆ ಮಡಿಸುವುದರಲ್ಲಿ ಅವಳನ್ನು ಮೀರಿಸುವವರು ಆ ನೆಲಮಾಳಿಗೆಯಲ್ಲಿ ಇರಲಿಲ್ಲ. ಹೊದಿಕೆ ಮಡಿಸುವುದಕ್ಕೆ ಇಬ್ಬರು ಬೇಕು. ಇವಳು ಎರಡು ತುದಿ, ಅವಳು ಎರಡು ತುದಿ. ಎಳೆದು ಬಿಗಿ ಮಾಡಬೇಕು, ಒಮ್ಮೆ ಜಾಡಿಸಬೇಕು, ಆಮೇಲೆ ಇಬ್ಬರೂ ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಕೂಡಿಸಬೇಕು. ಜಾಡಿಸಿದಾಗ ಹೊದಿಕೆ ಫಟ್ ಎಂದು ಸದ್ದು ಮಾಡುತ್ತದಲ್ಲ, ಆಗ ತಂಗಿ ನಗುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ನೂರು ಸಲ ಜಾಡಿಸಿದರೆ ನೂರು ಸಲವೂ ಹೊಸದಾಗಿ ಕೇಳಿದವಳಂತೆ ನಗುತ್ತಿದ್ದಳು. ಹಾಜರಿಯಲ್ಲಿ ಅವಳ ಹೆಸರಿರಲಿಲ್ಲ. ಬಿಟ್ಟಿ ಸಿಕ್ಕಿದ ಕೈ ಎಂದು ಮೇಸ್ತ್ರಿ ಸುಮ್ಮನಿದ್ದ.

ಅವಳಿಗೆ ಹೂಂಗುಟ್ಟಿ ಎಂದು ಹೆಸರು ಬಿದ್ದಿತ್ತು. ಇಟ್ಟವಳು ಇಸ್ತ್ರಿ ಯಂತ್ರದ ಹೆಂಗಸು. ಅವಳ ಗಂಟಲು ತಗಡು ಬಡಿದ ಹಾಗೆ, ಅದಕ್ಕೆ ಅವಳಿಗೆ ತಗಡು ಎಂದೇ ಹೆಸರು.

"ಏನೇ ಹೂಂಗುಟ್ಟಿ, ಊಟ ಆಯ್ತಾ?"

"ಹೂಂ."

"ನಾನು ಚೆನ್ನಾಗಿದ್ದೀನಾ?"

"ಹೂಂ."

"ಮೇಸ್ತ್ರಿಗಿಂತ ಕತ್ತೆ ವಾಸಿ ಅಲ್ವಾ?"

"ಹೂಂ."

"ನೋಡ್ರೇ, ಈ ಕಟ್ಟಡದಲ್ಲಿ ನಿಜ ಹೇಳೋಳು ಇವಳೊಬ್ಬಳೇ."

ಹೂಂ ಅನ್ನುವುದು ತಂಗಿಗೆ ಮೊದಲು ಬಂದದ್ದು ಅಮ್ಮನ ಕಥೆಗಳಿಂದ. ಅಮ್ಮ ಮಲಗಿಕೊಂಡು ಕಥೆ ಹೇಳುತ್ತಿದ್ದಳು. ಕೇಳುವವರು ಹೂಂಗುಟ್ಟದೆ ಹೋದರೆ ಕಥೆ ನಿಲ್ಲುತ್ತಿತ್ತು. ಆಗ ಅದು ಸುಖದ ಮಾತು. ಅದನ್ನು ಬೇರೆ ಮಾಡಿದವಳು ಅಕ್ಕ. ಕೆಲಸಕ್ಕೆ ಬಂದ ಹೊಸದರಲ್ಲಿ ಮೇಸ್ತ್ರಿ ಏನೋ ಕೇಳಿದ, ತಂಗಿ ಸುಮ್ಮನೆ ನೋಡುತ್ತ ನಿಂತಳು. ಬಾಯಿ ಬಿಡಲ್ವೇನೇ ಎಂದು ಅವನು ಕೆನ್ನೆಗೆ ಹೊಡೆದ. ಆ ಸಂಜೆ ಅಕ್ಕ ಅವಳನ್ನು ಎದುರಿಗೆ ಕೂರಿಸಿಕೊಂಡಳು. "ದೊಡ್ಡೋರು ಏನೇ ಕೇಳಲಿ, ಹೂಂ ಅನ್ನು. ಹೂಂ ಅಂದ್ರೆ ಯಾರೂ ಹೊಡೆಯಲ್ಲ." ತಂಗಿ ಹೂಂ ಅಂದಳು. ಅಂದಿನಿಂದ ಅವಳು ಹೊಡೆಸಿಕೊಳ್ಳಲಿಲ್ಲ. ಅಕ್ಕ ತನ್ನ ಬುದ್ಧಿಯನ್ನು ತಾನೇ ಮೆಚ್ಚಿಕೊಂಡಿದ್ದಳು.

ಅಮ್ಮ ತೀರಿಕೊಂಡ ಮೇಲೆ ಅಣ್ಣ ಬಂದ. ಅಣ್ಣ ಶಾಲೆಯ ಮೇಷ್ಟ್ರು. ಆ ಮನೆಯಲ್ಲಿ ಓದಿದವನು ಅವನೊಬ್ಬನೇ; ಅಮ್ಮನ ಸೊಂಟದ ಮೇಲೆ, ಅಕ್ಕನ ಕೈಗಳ ಮೇಲೆ ನಿಂತು ಓದಿದವನು. ಕೆಟ್ಟವನಲ್ಲ. ಮಕ್ಕಳಿಗೆ ಹೊಡೆಯದ ಮೇಷ್ಟ್ರು ಎಂದು ಅವನಿಗೆ ಹೆಸರಿತ್ತು. ತಂಗಿಗೆ ಕೋರ್ಟಿನಿಂದ ಒಬ್ಬರು ಪೋಷಕರು ಆಗಬೇಕು ಎಂದ. ದೊಡ್ಡವರಾದರೂ ತಮ್ಮ ವಿಚಾರ ತಾವು ನೋಡಿಕೊಳ್ಳಲಾರದವರಿಗೆ ಕಾನೂನು ಹೀಗೊಂದು ದಾರಿ ಇಟ್ಟಿದೆ, ನಾಳೆ ಗುರುತಿನ ಚೀಟಿಗೆ, ಔಷಧಕ್ಕೆ ಎಲ್ಲದಕ್ಕೂ ಬೇಕಾಗುತ್ತದೆ ಎಂದ. ಒಂದೇ ಕೋಣೆಯಲ್ಲಿರುವ, ಸಹಿ ಮಾಡಲು ಬಾರದ ಅಕ್ಕನಿಗಿಂತ ತಾನು ನಿಂತರೆ ಕೆಲಸ ಬೇಗ ಆಗುತ್ತದೆ ಎಂದ. ಅಕ್ಕನಿಗೂ ಸರಿ ಅನ್ನಿಸಿತು. ತಂಗಿಯನ್ನೇನೂ ಯಾರೂ ಕಿತ್ತುಕೊಂಡು ಹೋಗುತ್ತಿರಲಿಲ್ಲವಲ್ಲ. ಕಾಗದ ಅಣ್ಣನ ಹತ್ತಿರ, ತಂಗಿ ತನ್ನ ಹತ್ತಿರ.

ನ್ಯಾಯಾಧೀಶರು ಒಳ್ಳೆಯವರು. ತಂಗಿಯನ್ನು ಕೂರಿಸಿ, ನೀರು ಕೊಡಿಸಿ, ಬಗ್ಗಿ ಮೆಲ್ಲಗೆ ಮಾತಾಡಿಸಿದರು.

"ಸೂರ್ಯ ರಾತ್ರಿ ಹುಟ್ತಾನಾ ಅಮ್ಮ?"

"ಹೂಂ."

"ನಾಯಿಗೆ ರೆಕ್ಕೆ ಇರುತ್ತಾ?"

"ಹೂಂ."

ಗುಮಾಸ್ತ ತಲೆ ತಗ್ಗಿಸಿ ನಕ್ಕ. ನ್ಯಾಯಾಧೀಶರು ನಗಲಿಲ್ಲ.

"ಇವರು ನಿಮ್ಮ ಅಣ್ಣನಾ?"

"ಹೂಂ."

"ನಿಮ್ಮ ವಿಷಯ ಎಲ್ಲ ಇನ್ನು ಮೇಲೆ ಇವರು ನೋಡ್ಕೋಬಹುದಾ? ನಿಮಗೆ ಇಷ್ಟಾನಾ?"

"ಹೂಂ."

ಮೊದಲ ಎರಡು ಹೂಂಗಳಿಂದ ಅವಳಿಗೆ ತಿಳಿವಳಿಕೆ ಇಲ್ಲ ಎಂದಾಯಿತು. ಕೊನೆಯ ಹೂಂನಿಂದ ಅವಳ ಒಪ್ಪಿಗೆ ಇದೆ ಎಂದಾಯಿತು. ಒಂದೇ ಬಾಯಿ, ಒಂದೇ ಮಾತು. ಆ ಕೋಣೆಯಲ್ಲಿ ಯಾರಿಗೂ ಅದು ವಿಚಿತ್ರವಾಗಿ ಕಾಣಲಿಲ್ಲ. ಅಕ್ಕನಿಗೂ ಕಾಣಲಿಲ್ಲ. ನಿಮ್ಮದೂ ಒಪ್ಪಿಗೆ ತಾನೆ ಎಂದು ಅವಳನ್ನು ಕೇಳಿದಾಗ ಅವಳು ಅಣ್ಣನ ಮುಖ ನೋಡಿ, "ಹೂಂ ಸ್ವಾಮಿ" ಎಂದಳು. ದೇವರ ಮುಂದೆ ಮನುಷ್ಯ ಜನ್ಮವಿಡೀ ಹೂಂ ಎಂದರೂ ಅವನು ಅದನ್ನು ಹಿಡಿದುಕೊಂಡು ಜಗ್ಗುವುದಿಲ್ಲ. ಮನುಷ್ಯರ ಮುಂದೆ ಒಂದು ಸಲ ಅಂದರೆ ಸಾಕು.

ವರ್ಷ ಕಳೆಯಿತು. ಒಂದು ಮಧ್ಯಾಹ್ನ ಅಣ್ಣ ಒಗೆಯುವ ಮನೆಯ ಬಾಗಿಲಿಗೆ ಬಂದು ನಿಂತ. ಒಳಗೆ ಬರಲಿಲ್ಲ. ಮೂಗಿಗೆ ಕರವಸ್ತ್ರ ಹಿಡಿದಿದ್ದ. ಅಮ್ಮನ ಮೈಯಿಂದ ಬರುತ್ತಿದ್ದ ವಾಸನೆ ಅದೇ, ಅದರಲ್ಲೇ ಅವನು ಬೆಳೆದದ್ದು. ಅಕ್ಕ ಕೈ ಒರೆಸಿಕೊಂಡು ಹೊರಗೆ ಹೋದಳು.

"ಒಳ್ಳೆ ಸುದ್ದಿ. ಇವಳಿಗೆ ಆಶ್ರಮದಲ್ಲಿ ಜಾಗ ಸಿಕ್ತು. ಇಂಥವರಿಗೆ ಅಂತಲೇ ಇರೋದು. ಜೀವಮಾನ ಪೂರ್ತಿ ನೋಡ್ಕೋತಾರೆ."

"ನಾನು ನೋಡ್ಕೊಳ್ತಿಲ್ವಾ?"

"ಎಷ್ಟು ದಿನ? ನಾಳೆ ನೀನು ಹಾಸಿಗೆ ಹಿಡಿದರೆ? ನಾನು ಹೋದರೆ? ಯೋಚನೆ ಮಾಡಮ್ಮ."

ಅಕ್ಕ ಯೋಚನೆ ಮಾಡಿದ್ದಳು. ದಿನವೂ ಅದೇ ಯೋಚನೆ.

"ಒಂದೇ ಒಂದು ಕೆಲಸ ಇದೆ" ಎಂದು ಅಣ್ಣ ಕರವಸ್ತ್ರ ಮಡಿಸಿದ. "ಸೇರಿಸೋಕೆ ಮುಂಚೆ ಆಪರೇಷನ್ ಆಗಿರಬೇಕಂತೆ. ಗರ್ಭಕೋಶದ್ದು. ತೆಗೆಸಿಬಿಡಿ ಅಂತಾರೆ. ಎಲ್ಲರಿಗೂ ಹಾಗೇ. ಇಲ್ಲೇ ನಿಮ್ಮ ಆಸ್ಪತ್ರೆಯಲ್ಲೇ ಮಾಡ್ತಾರೆ. ನಾನು ಸಹಿ ಹಾಕಿದ್ದೀನಿ."

ಅಕ್ಕನಿಗೆ ಮೊದಲು ಏನೂ ಅನ್ನಿಸಲಿಲ್ಲ. ಒಳಗೆ ಬಟ್ಟೆ ತಿರುಗುವ ಡ್ರಮ್ಮಿನ ಸದ್ದು ಕೇಳುತ್ತಿತ್ತು.

"ಅವಳಿಗೆ ಕಾಯಿಲೆ ಇಲ್ವಲ್ಲ ಅಣ್ಣ."

"ಕಾಯಿಲೆ ಅಲ್ಲ. ತಿಂಗಳ ತಿಂಗಳ ರಗಳೆ ಯಾರು ನೋಡ್ತಾರೆ ಅಲ್ಲಿ?"

"ಅವಳದ್ದು ಅವಳೇ ನೋಡ್ಕೋತಾಳೆ."

ನಿಜ. ತಂಗಿ ತನ್ನ ಬಟ್ಟೆ ತಾನೇ ತಣ್ಣೀರಲ್ಲಿ ನೆನೆಹಾಕಿ, ತಾನೇ ಒಗೆದು, ಕಿಟಕಿಯ ಹಿಂದೆ ಯಾರಿಗೂ ಕಾಣದಂತೆ ಒಣಗಿಸುತ್ತಿದ್ದಳು. ಅಕ್ಕ ನೆನಪಿಸಬೇಕಾಗಿಯೂ ಇರಲಿಲ್ಲ.

ಅಣ್ಣ ದನಿ ತಗ್ಗಿಸಿದ. "ಅಷ್ಟೇ ಅಲ್ಲ. ಎಲ್ಲಿ ಇದ್ದರೂ ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಹೊಟ್ಟೆ ಮುಂದೆ ಬಂದ್ರೆ? ನಾನು ಹೆಣ್ಣು ಮಕ್ಕಳಿರೋನು. ಊರಲ್ಲಿ ತಲೆ ಎತ್ತಿಕೊಂಡು ಓಡಾಡ್ಬೇಕು."

"ಹೆಚ್ಚುಕಮ್ಮಿ ಮಾಡೋನನ್ನ ಕಟ್ಟಿಹಾಕ್ಲಿ. ಇವಳನ್ನ ಕೊಯ್ಯೋದು ಯಾಕೆ?"

"ನಿನಗೆ ಅರ್ಥ ಆಗಲ್ಲ" ಎಂದು ಅಣ್ಣ ಹೊರಟ. ಎರಡು ಹೆಜ್ಜೆ ಹೋಗಿ ತಿರುಗಿ, "ನನಗೇನು ಸಂತೋಷಾನಾ?" ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಆದರೆ ಸಹಿ ಆಗಿತ್ತು.

ಅಕ್ಕ ಮೇಲಿನ ಮಹಡಿಗೆ, ಆಪರೇಷನ್ ಮಾಡುವ ಡಾಕ್ಟರಮ್ಮನನ್ನು ನೋಡಲು ಹೋದಳು. ಒದ್ದೆ ಬಟ್ಟೆಯಿಂದ ನೀರು ಸೋರುತ್ತಿತ್ತೆಂದು ಆಯಾ ಅವಳನ್ನು ಕಾಲೊರಸಿನ ಮೇಲೆ ನಿಲ್ಲಿಸಿದಳು. ಅಕ್ಕ ಅಲ್ಲಿಂದಲೇ ಮಾತಾಡಿದಳು. ಡಾಕ್ಟರಮ್ಮ ರೇಗಲಿಲ್ಲ. ಪೋಷಕರ ಸಹಿ ಬಂದಿದೆ, ಕಾನೂನಿನ ಪ್ರಕಾರ ಅವರ ಮಾತೇ ಅವಳ ಮಾತು ಎಂದರು. ಇದರಿಂದ ಅವಳಿಗೇ ನೆಮ್ಮದಿ ಎಂದರು.

"ಮುಂದೆ ಹೆಚ್ಚುಕಮ್ಮಿ ಆದರೂ ಬಸಿರಾಗೋ ಭಯ ಇರಲ್ಲ."

"ಹೆಚ್ಚುಕಮ್ಮಿ ಆದರೂ ಅಂದ್ರೆ ಏನಮ್ಮ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಆಗ ಅಕ್ಕನಿಗೆ ಅರ್ಥವಾಯಿತು. ಹೆಚ್ಚುಕಮ್ಮಿ ಆಗುತ್ತದೆ ಎಂಬುದನ್ನು ಎಲ್ಲರೂ ಒಪ್ಪಿಕೊಂಡಿದ್ದರು. ಆಶ್ರಮದವರು ಒಪ್ಪಿದ್ದರು, ಅಣ್ಣ ಒಪ್ಪಿದ್ದ, ಡಾಕ್ಟರಮ್ಮ ಒಪ್ಪಿದ್ದರು. ಆಗದಂತೆ ನೋಡಿಕೊಳ್ಳುವ ಮಾತು ಯಾರ ಬಾಯಲ್ಲೂ ಇರಲಿಲ್ಲ. ಆದದ್ದರ ಗುರುತು ಉಳಿಯಬಾರದು ಎಂಬುದಷ್ಟೇ ಏರ್ಪಾಡು.

"ಅವಳನ್ನೂ ಆವತ್ತು ಒಂದು ಮಾತು ಕೇಳೇ ಕೇಳ್ತೀವಿ" ಎಂದರು ಡಾಕ್ಟರಮ್ಮ. "ಕೇಳದೆ ಮಾಡಲ್ಲ. ಸರೀನಾ?"

ಅಕ್ಕ ಆ ಒಂದು ಮಾತನ್ನು ಹಿಡಿದುಕೊಂಡು ಮೆಟ್ಟಿಲು ಇಳಿದಳು.

ಒಗೆಯುವ ಮನೆಯಲ್ಲಿ ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ತಗಡು ಇಸ್ತ್ರಿ ಯಂತ್ರ ನಿಲ್ಲಿಸಿ ಬಂದಳು.

"ಬೆಕ್ಕು ಹಾಲು ಕದೀತು ಅಂತ ಹಸುವಿನ ಕೆಚ್ಚಲು ಕೊಯ್ದರಂತೆ. ಓದಿದವರ ನ್ಯಾಯ ನೋಡು."

"ಅವಳನ್ನ ಕೇಳ್ತಾರಂತೆ. ಬೇಡ ಅಂದ್ರೆ ಬಿಡ್ತಾರೆ."

"ಯಾರನ್ನ, ಹೂಂಗುಟ್ಟೀನಾ?"

ಅವತ್ತಿನಿಂದ ಅಕ್ಕ ತಂಗಿಗೆ ಬೇಡ ಅನ್ನುವುದನ್ನು ಕಲಿಸಲು ಕೂತಳು. ಹೊದಿಕೆ ಮಡಿಸುತ್ತ ಕಲಿಸಿದಳು, ದಾರಿಯಲ್ಲಿ ಕಲಿಸಿದಳು, ಕೋಣೆಗೆ ಹೋಗಿ ದೀಪ ಹಚ್ಚಿ ಕೈಮುಗಿದು ಕಲಿಸಿದಳು.

"ಹೊಟ್ಟೆ ಕೊಯ್ಯಲಾ ಅಂತ ಕೇಳ್ತಾರೆ. ನೀನು ಬೇಡ ಅನ್ಬೇಕು. ಅಂತೀಯಾ?"

"ಹೂಂ."

"ಹೊಟ್ಟೆ ಕೊಯ್ಯಲಾ?"

"ಹೂಂ."

"ಹಾಗಲ್ಲ. ಬೇಡ ಅನ್ನು. ಬೇಡ."

"ಹೂಂ."

ಅಕ್ಕ ಹಸಿಮೆಣಸಿನಕಾಯಿ ತಂದು ಅವಳ ಬಾಯಿಯ ಹತ್ತಿರ ಹಿಡಿದಳು. ತಿನ್ತೀಯಾ ಎಂದಳು. ತಂಗಿ ಹೂಂ ಎಂದು ಕಚ್ಚಿದಳು. ಕಣ್ಣಲ್ಲಿ ನೀರು ಸುರಿಯಿತು, ಮೂಗು ಸೋರಿತು. ಇನ್ನೂ ಬೇಕಾ ಎಂದರೆ ಅಕ್ಕನ ಮುಖವನ್ನೇ ನೋಡುತ್ತ ಹೂಂ ಎಂದಳು. ಅಕ್ಕ ಮೆಣಸಿನಕಾಯಿ ಎಸೆದು ಅವಳ ಬಾಯಿ ತೊಳೆದಳು. ದೇವರ ಪಟದ ಮುಂದೆ ಕೂತಳು. ಬೇಡಿಕೊಳ್ಳಲು ಮಾತು ಬರಲಿಲ್ಲ.

ಮಾರನೆಯ ದಿನ ತಗಡು ಕೇಳಿದಳು: "ಏನು, ಪಾಠ ಎಲ್ಲಿವರೆಗೆ ಬಂತು?"

"ಬರ್ತಿಲ್ಲ."

"ಹೇಗೆ ಬರುತ್ತೆ? ನೀನು ಯಾವತ್ತಾದ್ರೂ ಯಾರಿಗಾದ್ರೂ ಅಂದಿದ್ದೀಯಾ? ಅವಳು ನಿನ್ನ ನೋಡಿ ತಾನೆ ಕಲಿಯೋದು. ನಿನ್ನ ಬಾಯಲ್ಲಿ ಇಲ್ಲದ್ದು ಅವಳ ಬಾಯಿಗೆ ಎಲ್ಲಿಂದ ಬರ್ಬೇಕು?"

ತಗಡು ತಮಾಷೆಗೆ ಹೇಳಿದ್ದಳು. ಹೇಳಿ ನಕ್ಕೂ ಬಿಟ್ಟಳು. ಅಕ್ಕ ನಗಲಿಲ್ಲ.

ಆ ವಾರವೇ ತೊಟ್ಟಿಯ ತೂಬು ಕಟ್ಟಿಕೊಂಡಿತು. ಹತ್ತಿ, ಕೂದಲು, ಬ್ಯಾಂಡೇಜು, ಎಲ್ಲ ಸೇರಿ ಗಡ್ಡೆಯಾಗಿ ಕೂತಿತ್ತು. ಕಪ್ಪು ನೀರು ತೊಟ್ಟಿಯ ಅಂಚಿಗೆ ಬಂತು. ಮೇಸ್ತ್ರಿ ಬಂದು ನೋಡಿದ. ಅಂಥ ಹೊತ್ತಿನಲ್ಲಿ ಅವನು ಕರೆಯುವುದು ಅಕ್ಕನನ್ನೇ. ಸತ್ತ ಬೆರಳು, ಹಾಗಾಗಿ ನೋವಾಗುವುದಿಲ್ಲ ಎಂದು ಅವನ ಲೆಕ್ಕ. ಬಟ್ಟೆಯ ಜೊತೆ ಬಂದ ಸೂಜಿ, ಬ್ಲೇಡು ಎಲ್ಲ ಆ ತೂಬಿನಲ್ಲೇ ಹೋಗಿ ಸಿಕ್ಕಿಕೊಳ್ಳುತ್ತಿದ್ದವು. ಹಿಂದೆ ಒಂದು ಸಲ ಸೂಜಿ ಚುಚ್ಚಿ ಅಕ್ಕನ ಕೈ ಮೊಣಕೈವರೆಗೆ ಬಾತುಕೊಂಡಿತ್ತು. ಮೇಲೆ ಇಷ್ಟು ದೊಡ್ಡ ಆಸ್ಪತ್ರೆ ಇದ್ದರೂ ಅವಳು ಮನೆಯಲ್ಲಿ ಅರಿಶಿನ ಹಚ್ಚಿಕೊಂಡು ಮಲಗಿದ್ದಳು.

"ಕೈ ಹಾಕಿ ತೆಗಿ" ಎಂದ ಮೇಸ್ತ್ರಿ.

ಅಕ್ಕ ರವಿಕೆಯ ತೋಳು ಮೇಲಕ್ಕೆ ಸರಿಸಿದಳು. ಬಗ್ಗಿದಳು. ಬಗ್ಗಿದಾಗ ಪಕ್ಕದಲ್ಲಿ ಹೊದಿಕೆ ಹಿಡಿದು ನಿಂತ ತಂಗಿಯ ಕಾಲುಗಳು ಕಂಡವು. ಆಮೇಲೆ ಅವಳು ನೆಟ್ಟಗಾದಳು.

"ಆಗಲ್ಲ."

"ಏನು?"

"ಆಗಲ್ಲ ಮೇಸ್ತ್ರಿ. ಕೈ ಹಾಕಲ್ಲ. ಸಲಾಕೆ ತರಿಸಿ."

ಹಾಗೆ ಹೇಳುವಾಗ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ ಎಂದು ಅವಳು ತಿಳಿದಿದ್ದಳು. ಏನೂ ಆಗಲಿಲ್ಲ. ಬೇರೆ ಯಾರೋ ಹೇಳಿದ್ದನ್ನು ಕೇಳಿಸಿಕೊಂಡಷ್ಟೇ ಆಯಿತು.

ಮೇಸ್ತ್ರಿ ಬಾಯಿಗೆ ಬಂದದ್ದನ್ನೆಲ್ಲ ಬೈದ. ಅವಳ ಜಾತಿ ಎತ್ತಿದ, ಅವಳ ಅಮ್ಮನನ್ನು ಎತ್ತಿದ. ಅವಳು ಅಲುಗಲಿಲ್ಲ. ಕೊನೆಗೆ ಅವನು ತಂಗಿಯ ಕಡೆ ತಿರುಗಿದ. "ನಿಮ್ಮಕ್ಕನಿಗೆ ಕೊಬ್ಬು ಬಂದಿದೆ. ನೀನು ಬಾ. ನೀನು ಹಾಕು ಕೈ."

ತಂಗಿ ಮೇಸ್ತ್ರಿಯನ್ನು ನೋಡಿದಳು. ಅಕ್ಕನನ್ನು ನೋಡಿದಳು. ಹೊದಿಕೆಯ ತುದಿಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

"ಆಗಲ್ಲ."

ತಗಡು ನಕ್ಕಳು. ಗೋಡೆಗೆ ಬಡಿದು ವಾಪಸು ಬರುವಂಥ ನಗು. ಎಲ್ಲರೂ ನಕ್ಕರು. ತಂಗಿಗೂ ನಗು ಬಂತು, ಹೊದಿಕೆ ಜಾಡಿಸಿದಾಗ ಬರುವಂಥದ್ದೇ. "ಆಗಲ್ಲ" ಎಂದು ಇನ್ನೊಂದು ಸಲ ಅಂದಳು. ಕಲಿಸಿದ ಮಾತು ಬಂದಿರಲಿಲ್ಲ, ಆಡಿದ ಮಾತು ಬಂದಿತ್ತು. ಮೇಸ್ತ್ರಿ ಅಕ್ಕನ ಆ ದಿನದ ಹಾಜರಿ ಹೊಡೆದುಹಾಕಿ ಸಲಾಕೆ ತರಿಸಿದ.

ಕೇಳುವ ದಿನ ಬಂತು. ಆಪರೇಷನ್ ಕೋಣೆಯ ಪಕ್ಕ ಒಂದು ಸಣ್ಣ ಕೋಣೆ. ತಂಗಿಗೆ ಹಿಂದೆ ಲಾಡಿ ಕಟ್ಟುವ ಅಂಗಿ ಹಾಕಿಸಿ ಮಂಚದ ಮೇಲೆ ಕೂರಿಸಿದ್ದರು. ಅವಳು ಮಂಚದ ಹೊದಿಕೆಯ ಸುಕ್ಕು ತೀಡುತ್ತಿದ್ದಳು. ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಅಕ್ಕ ಬಾಗಿಲ ಬಳಿ. ಡಾಕ್ಟರಮ್ಮ ಬಂದರು, ತಮ್ಮ ಮಾತು ಉಳಿಸಿಕೊಂಡರು.

"ನೋಡಮ್ಮ, ಹೊಟ್ಟೆ ಒಳಗಿಂದ ಒಂದು ಚೀಲ ತೆಗೀತೀವಿ. ನೋವಾಗಲ್ಲ, ನಿದ್ದೆ ಬರಿಸ್ತೀವಿ. ಮಾಡೋಣವಾ?"

ತಂಗಿ ಅಕ್ಕನನ್ನು ನೋಡಿದಳು. ಅಕ್ಕ ತಲೆ ಅಲ್ಲಾಡಿಸಲಿಲ್ಲ, ಕಣ್ಣು ಕದಲಿಸಲಿಲ್ಲ. ಮಾಡಿದರೆ ಹೇಳಿಕೊಟ್ಟಳು ಅನ್ನುತ್ತಾರೆ.

"ಆಗಲ್ಲ" ಎಂದಳು ತಂಗಿ.

ಡಾಕ್ಟರಮ್ಮ ಅಣ್ಣನನ್ನು ನೋಡಿದರು.

"ಮಾಡೋಣ ಅಲ್ವಾ?" ಎಂದು ಮತ್ತೆ ಕೇಳಿದರು, ಮೊದಲಿಗಿಂತ ಮೆಲ್ಲಗೆ.

"ಆಗಲ್ಲ." ತಂಗಿ ಈಗ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು.

"ಅವಳಿಗೆ ಏನು ಗೊತ್ತಾಗುತ್ತೆ ಡಾಕ್ಟ್ರೇ" ಎಂದ ಅಣ್ಣ. "ಯಾರೋ ಹೇಳಿಕೊಟ್ಟಿದ್ದಾರೆ. ಯಾರು ಅಂತ ಬೇರೆ ಹೇಳ್ಬೇಕಾ?"

"ಕೋರ್ಟಲ್ಲಿ ಅವಳು ಹೂಂ ಅಂದಿದ್ದಕ್ಕೆ ನಿನ್ನ ಕೈಗೆ ಕೊಟ್ರು" ಎಂದಳು ಅಕ್ಕ. "ಆವತ್ತು ಗೊತ್ತಾಗಿತ್ತು. ಇವತ್ತು ಆಗಲ್ಲ ಅಂತಿದ್ದಾಳೆ. ಇವತ್ತು ಗೊತ್ತಾಗಲ್ವಾ?"

ಡಾಕ್ಟರಮ್ಮನ ಮುಖದಲ್ಲಿ ಏನೋ ಬಂದು ಹೋಯಿತು. ಅವರು ಗಡಿಯಾರ ನೋಡಿದರು. "ನಾನು ಕಾನೂನು ಮೀರೋಕೆ ಆಗಲ್ಲಮ್ಮ. ಪೋಷಕರು ಒಪ್ಪಿದ್ದಾರೆ. ಅವಳು ಹೂಂ ಅಂದಿದ್ರೆ ಚೆನ್ನಾಗಿರ್ತಿತ್ತು, ಅಷ್ಟೇ."

ಹಾಗಾದರೆ ಕೇಳಿದ್ದು ಯಾಕೆ ಎಂದು ಅಕ್ಕ ಕೇಳಬೇಕೆಂದಿದ್ದಳು. ಕೇಳಲಿಲ್ಲ. ಉತ್ತರ ಡಾಕ್ಟರಮ್ಮನ ಆ ಮಾತಿನಲ್ಲೇ ಇತ್ತು.

ಇಬ್ಬರು ಆಯಾಗಳು ಬಂದು ತಂಗಿಯ ತೋಳು ಹಿಡಿದರು. ತಂಗಿ ಮಂಚದ ಕಂಬಿ ಹಿಡಿದಳು. ಹೊದಿಕೆ ಹಿಂಡಿ ಹಿಂಡಿ ಗಟ್ಟಿಯಾದ ಕೈ. ಬಿಡಿಸಲು ಆಗಲಿಲ್ಲ. ನರ್ಸಮ್ಮ ಅಕ್ಕನ ಹತ್ತಿರ ಬಂದಳು. ಅವಳು ಚಿಕ್ಕ ವಯಸ್ಸಿನವಳು, ಹೆದರಿದ್ದಳು.

"ನೀವು ಹೇಳಿ ಅಕ್ಕ. ನಿಮ್ಮ ಮಾತು ಕೇಳ್ತಾಳೆ. ಹೂಂ ಅನ್ನು ಅಂತ ಒಂದು ಸಲ ಹೇಳಿ. ಇಲ್ಲಾಂದ್ರೆ ಕೈ ಕಾಲು ಕಟ್ಟಬೇಕಾಗುತ್ತೆ. ಪಾಪ, ಯಾಕೆ ಹಿಂಸೆ?"

ಅದು ಸುಳ್ಳಲ್ಲ. ಅಕ್ಕ ಒಂದು ಮಾತು ಹೇಳಿದ್ದರೆ ತಂಗಿ ಕಂಬಿ ಬಿಟ್ಟು, ಕೈ ಹಿಡಿದುಕೊಂಡು, ನಗುತ್ತ ಒಳಗೆ ಹೋಗುತ್ತಿದ್ದಳು. ಹಗ್ಗ ಬೇಕಾಗುತ್ತಿರಲಿಲ್ಲ. ಅವಳನ್ನು ಹೊಡೆತದಿಂದ ಕಾಪಾಡಿದ ಮಾತೇ ಅದು. ಅಕ್ಕನ ಬಾಯಿಯ ತುದಿಗೆ ಅದು ಬಂತು. ತಂಗಿ ಅವಳನ್ನೇ ನೋಡುತ್ತಿದ್ದಳು, ಹೇಳಿದ್ದನ್ನು ಮಾಡಲು ಕಾಯುತ್ತ. ಅಣ್ಣನೂ ನೋಡುತ್ತಿದ್ದ. "ಹೇಳಮ್ಮ" ಎಂದ ಅವನು. ಅವನ ದನಿ ಒಡೆದಿತ್ತು.

"ಆಗಲ್ಲ" ಎಂದಳು ಅಕ್ಕ.

ಅವರು ಕಟ್ಟಿದರು. ಬ್ಯಾಂಡೇಜು ಬಟ್ಟೆಯ ಪಟ್ಟಿಗಳಿಂದ ಕಟ್ಟಿದರು. ಅವನ್ನು ಒಗೆದು, ಒಣಗಿಸಿ, ಸುತ್ತಿ ಕಳಿಸಿದ್ದು ನೆಲಮಾಳಿಗೆಯವರೇ. ತಂಗಿ ಕಿರುಚಲಿಲ್ಲ. ಬಾಗಿಲು ಮುಚ್ಚುವವರೆಗೆ ಅದೊಂದೇ ಮಾತು ಹೇಳುತ್ತಿದ್ದಳು, ಪಾಠ ಒಪ್ಪಿಸುವವರ ಹಾಗೆ. ಬಾಗಿಲು ಮುಚ್ಚಿತು. ಅಣ್ಣ ಬೆಂಚಿನ ಮೇಲೆ ಕೂತು ಮುಖ ಮುಚ್ಚಿಕೊಂಡ. ಅಕ್ಕ ಅವನ ಪಕ್ಕದಲ್ಲಿ ಕೂರಲಿಲ್ಲ.

ಮಧ್ಯಾಹ್ನ ತಂಗಿಯನ್ನು ವಾರ್ಡಿಗೆ ತಂದು ಮಲಗಿಸಿದರು. ಎಚ್ಚರವಾದಾಗ ಅಕ್ಕ ಹಣೆ ಸವರಿ, "ನೋಯ್ತಿದೆಯಾ?" ಎಂದು ಕೇಳಿದಳು. ತಂಗಿ ಹೂಂ ಅನ್ನಲಿಲ್ಲ. "ನೀರು ಬೇಕಾ?" ಅದಕ್ಕೂ ಅನ್ನಲಿಲ್ಲ. ಅಕ್ಕ ಅಮ್ಮನ ಕಥೆಯೊಂದನ್ನು ಶುರು ಮಾಡಿದಳು. ಹೂಂಗುಟ್ಟಬೇಕಾದ ಕಡೆ ನಿಲ್ಲಿಸಿ ಕಾದಳು. ಪಕ್ಕದ ಮಂಚದ ಮುದುಕಿ ಕೆಮ್ಮಿದಳು. ಅಕ್ಕ ಕಥೆಯನ್ನು ಮುಂದುವರಿಸಿದಳು, ಮತ್ತೆ ನಿಲ್ಲಿಸಿದಳು. ತಂಗಿ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದಳು, ಕಣ್ಣು ತೆರೆದೇ ಇತ್ತು. ಕಥೆ ಅರ್ಧಕ್ಕೇ ನಿಂತಿತು.

ಕೆಳಗಿನಿಂದ ಮೇಸ್ತ್ರಿ ಹೇಳಿ ಕಳಿಸಿದ್ದ, ಬಟ್ಟೆ ರಾಶಿ ಬಿದ್ದಿದೆ ಎಂದು. ಅಕ್ಕ ಇಳಿದು ಹೋದಳು.

ಆಪರೇಷನ್ ಕೋಣೆಯ ಹಸಿರು ಬಟ್ಟೆಗಳ ಗಂಟು ಬಂದು ತೊಟ್ಟಿಯ ಪಕ್ಕ ಕೂತಿತ್ತು. ಆ ದಿನದ ಎಲ್ಲರ ಬಟ್ಟೆಯೂ ಅದರಲ್ಲಿತ್ತು. ಯಾವುದು ತಂಗಿಯದು ಎಂದು ತಿಳಿಯುವ ಬಗೆ ಇರಲಿಲ್ಲ. ರಕ್ತಕ್ಕೆ ಹೆಸರಿಲ್ಲ. ಅಕ್ಕ ಗಂಟು ಬಿಚ್ಚಿ ಒಂದೊಂದಾಗಿ ತೊಟ್ಟಿಗೆ ಹಾಕಿದಳು. ಅವಳಿಗೆ ಅಳು ಬರಲಿಲ್ಲ. ಬೆರಳ ತುದಿಯಲ್ಲಿದ್ದ ಸಾವು ತೋಳು ಹತ್ತಿ ಎದೆಯವರೆಗೆ ಬಂದ ಹಾಗಿತ್ತು. ತೊಟ್ಟಿಗೆ ಎರಡು ನಲ್ಲಿ. ಎಡಗಡೆಯದು ತಣ್ಣೀರಿನದು. ಬಲಗಡೆಯದು ಬಾಯ್ಲರಿನಿಂದ ಬರುವುದು.

ಅವಳು ಬಲಗಡೆಯದನ್ನು ತಿರುಗಿಸಿದಳು.

ಹಬೆ ಎದ್ದಿತು. ಮೊಣಕೈ ಅದ್ದಿ ನೋಡಿದಳು, ಚುರ್ ಎಂದಿತು. ಇನ್ನಷ್ಟು ತಿರುಗಿಸಿದಳು. ಕೆಂಪಾಗಿದ್ದದ್ದು ಕಂದಾಗತೊಡಗಿತು. ಮೇಸ್ತ್ರಿ ಹಬೆ ನೋಡಿ ಓಡಿ ಬಂದ.

"ಏನು ಮಾಡ್ತಿದ್ದೀಯ? ರಕ್ತದ ಬಟ್ಟೆ ಅದು. ಕಲೆ ಕೂತುಬಿಡುತ್ತೆ."

ಅಕ್ಕ ಕೋಲು ತೆಗೆದುಕೊಂಡು ಬಟ್ಟೆಗಳನ್ನು ಒಳಕ್ಕೆ ಅದುಮಿದಳು.

"ಕೇಳಿಸ್ತಾ? ತಣ್ಣೀರು ಬಿಡು. ಆಮೇಲೆ ತಲೆ ಕೆಳಗೆ ಮಾಡಿದ್ರೂ ಹೋಗಲ್ಲ."

"ಗೊತ್ತು" ಎಂದಳು ಅಕ್ಕ. "ಕೂತ್ಕೊಳ್ಳಲಿ."

ಮೇಸ್ತ್ರಿ ನಲ್ಲಿಗೆ ಕೈ ಹಾಕಿದ. ಸುಟ್ಟು, ಕೈ ಹಿಂದಕ್ಕೆ ತೆಗೆದುಕೊಂಡ. ಆ ನಲ್ಲಿಯನ್ನು ಬರಿಗೈಯಲ್ಲಿ ತಿರುಗಿಸಬಲ್ಲವರು ಸತ್ತ ಬೆರಳಿನವರು ಮಾತ್ರ. ಅವನು ಸುತ್ತ ನೋಡಿದ. "ಯಾರಾದ್ರೂ ನಿಲ್ಲಿಸ್ರೇ ಅದನ್ನ" ಎಂದ. ಯಾರೂ ಕದಲಲಿಲ್ಲ. ಕೊನೆಗೆ ತಗಡು ಇಸ್ತ್ರಿ ಯಂತ್ರ ಬಿಟ್ಟು ಬಂದಳು. ಬಾಯ್ಲರಿನ ಕೆಳಗಿನ ನಲ್ಲಿಯಿಂದ ಒಂದು ಬಕೆಟ್ಟು ಕುದಿಯುವ ನೀರು ಹಿಡಿದು, ಏನೂ ಅನ್ನದೆ, ತಂದು ತೊಟ್ಟಿಗೆ ಸುರಿದಳು. ಅವಳು ಮಾತಾಡದೆ ಕೆಲಸ ಮಾಡಿದ್ದನ್ನು ಅಲ್ಲಿಯವರು ಅವತ್ತೇ ನೋಡಿದ್ದು.

ಬಟ್ಟೆ ಒಣಗಿದ ಮೇಲೆ ಮಡಿಸುವ ಕೆಲಸ ಬಂತು. ಅಕ್ಕ ಎರಡು ತುದಿ ಹಿಡಿದು ನಿಂತಳು. ಎದುರಿಗೆ ಯಾರೂ ಇರಲಿಲ್ಲ. ತಗಡು ಬಂದು ಇನ್ನೆರಡು ತುದಿ ಹಿಡಿದಳು. ಎಳೆದರು. ಜಾಡಿಸಿದರು. ಫಟ್ ಎಂದಿತು. ಯಾರೂ ನಗಲಿಲ್ಲ. ಎದುರುಬದುರಾಗಿ ನಡೆದು ಬಂದು ತುದಿಗೆ ತುದಿ ಕೂಡಿಸಿದರು.

ಕಲೆಯ ಮಗ್ಗುಲನ್ನು ಒಳಗೆ ಹಾಕಿ ಮಡಿಸುವುದು ರೂಢಿ. ಅವರು ಹೊರಗೆ ಹಾಕಿ ಮಡಿಸಿದರು. ಒಂದರ ಮೇಲೊಂದು ಜೋಡಿಸಿ, ಗಾಡಿಗೆ ಏರಿಸಿ, ಮೇಲಕ್ಕೆ ಕಳಿಸಿದರು.